ಭಾವ ಮತ್ತು ನೀರಿನ ಅಭಾವ

ಅಕ್ಕನ ಗಂಡ ಭಾವ. ಭಾವ ಇಲ್ಲದಿದ್ದರೆ ಅಭಾವ. ಇದು ವ್ಯಾಕರಣ. ನಮ್ಮ ಕಟ್ಟಡದಲ್ಲಿ ಮಾತ್ರ ಭಾವ ಇದ್ದದ್ದರಿಂದಲೇ ಅಭಾವವಾಯಿತು, ಅದೂ ನೀರಿನದು. ಆ ಗದ್ದಲದ ನಡುವೆ ಒಬ್ಬರು ಹೋಗಿಯೂ ಬಿಟ್ಟರು. ಆದ್ದರಿಂದ ಈ ಕಥೆ ಕೇಳಿ ನಗುವವರು ಅಕ್ಕಪಕ್ಕ ನೋಡಿಕೊಂಡು ನಗುವುದು ಒಳ್ಳೆಯದು.

ಭಾವ ಜನನ-ಮರಣ ನೋಂದಣಿ ಕಚೇರಿಯಲ್ಲಿ ಗುಮಾಸ್ತರು. ಅಲ್ಲಿ ಹುಟ್ಟಿದವರಿಗೆ ಎಡಗಡೆ ಕಿಟಕಿ, ಸತ್ತವರಿಗೆ ಬಲಗಡೆ ಕಿಟಕಿ. ಭಾವ ಇಪ್ಪತ್ತೆರಡು ವರ್ಷದಿಂದ ಬಲಗಡೆ. ಮನೆಯಲ್ಲಿ ಅವರ ಮಾತು ನಡೆಯುವುದಿಲ್ಲ, ಕಚೇರಿಯಲ್ಲಿ ಅವರು ಬರೆದುಕೊಳ್ಳುವವರು ಮಾತಾಡುವುದಿಲ್ಲ. ಲೋಕದಲ್ಲಿ ಅವರು ಹೇಳಿದಂತೆ ಕೇಳುವ ವಸ್ತು ಒಂದೇ ಒಂದಿತ್ತು. ಅದು ಮೊಳದುದ್ದದ ಯುದ್ಧದ ಟ್ಯಾಂಕು. ರಿಮೋಟಿನ ಕಡ್ಡಿ ಮುಂದೆ ತಳ್ಳಿದರೆ ಮುಂದೆ ಹೋಗುತ್ತಿತ್ತು, ಹಿಂದೆ ಎಳೆದರೆ ಹಿಂದೆ. ತಲೆ ತಿರುಗಿಸುತ್ತಿತ್ತು, ತೋಪು ಎತ್ತುತ್ತಿತ್ತು, ಗುಂಡು ಹಾರಿಸಿದ ಸದ್ದು ಮಾಡಿ ಹಿಂದಿನಿಂದ ಚೂರು ಹೊಗೆ ಬಿಡುತ್ತಿತ್ತು. ಅಕ್ಕ ಅದನ್ನು "ನಿಮ್ಮ ಭಾವನ ಎರಡನೇ ಸಂಸಾರ" ಅನ್ನುತ್ತಿದ್ದಳು. ಅವರ ಮನೆಯ ಹಾಲಿನಲ್ಲಿ ಮೂರು ವರ್ಷದಿಂದ ಮಲಗುತ್ತಿರುವ ತಾತ್ಕಾಲಿಕ ಅತಿಥಿಯಾದ ನಾನು ಎರಡೂ ಸಂಸಾರಕ್ಕೆ ಸಾಕ್ಷಿ.

ಆ ಟ್ಯಾಂಕಿಗೆ ಒಂದು ರೋಗವಿತ್ತು. ಒಳಗಿನ ಗೇರುಗಳೆಲ್ಲ ಪ್ಲಾಸ್ಟಿಕ್. ಸೋಫಾದ ದಿಂಬು ಹತ್ತಲು ಹೋದರೆ ಗೇರಿನ ಹಲ್ಲು ಜಾರಿ, ಟಕಟಕ ಅಂದು, ನಿಂತ ಜಾಗದಲ್ಲೇ ನಡುಗುತ್ತಿತ್ತು. ಭಾವ ಆರು ತಿಂಗಳು ಅಧ್ಯಯನ ಮಾಡಿದರು. ಇಷ್ಟು ಓದಿದ್ದರೆ ಇಲಾಖಾ ಪರೀಕ್ಷೆ ಪಾಸಾಗುತ್ತಿತ್ತು ಎಂದು ಅಕ್ಕ ದಿನಕ್ಕೊಮ್ಮೆ ಹೇಳುತ್ತಿದ್ದಳು. ಕೊನೆಗೆ ದೊಡ್ಡ ಮೋಟಾರು ಎರಡು, ಉಕ್ಕಿನ ಗೇರುಗಳು, ಲೋಹದ ಚಕ್ರಗಳು, ಚಕ್ರದ ಸುತ್ತ ಓಡುವ ಲೋಹದ ಚೈನು, ಇಷ್ಟನ್ನೂ ಪಾರ್ಸೆಲ್ಲಿಗೆ ಬರೆದರು.

ಇನ್ನೊಂದು ಟ್ಯಾಂಕು ನಮ್ಮ ಕಟ್ಟಡದ ತಾರಸಿಯ ಮೇಲಿತ್ತು. ಅದು ಸಿಮೆಂಟಿನದು, ನೀರಿನದು. ನೆಲದಡಿಯ ಸಂಪಿನಿಂದ ಅದಕ್ಕೆ ನೀರು ಏರಿಸುವ ಮೋಟಾರು ಮುದಿಯಾಗಿತ್ತು. ಪಂಪು ರಿಪೇರಿಯವನು ಡಾಕ್ಟರ ಧಾಟಿಯಲ್ಲಿ ಮಾತಾಡುವ ಆಸಾಮಿ. ಅದರ ಮೈಮೇಲೆ ಕೈಯಿಟ್ಟು, ಉಸಿರಿದೆ ನಾಡಿ ಇಲ್ಲ ಎಂದು ತೀರ್ಪು ಕೊಟ್ಟು, ಶುಕ್ರವಾರ ಹೊಸ ಮೋಟಾರು ತಂದು ಕೂರಿಸುತ್ತೇನೆ ಎಂದು ಹೋಗಿದ್ದ. ಅಲ್ಲಿಯವರೆಗೆ ನೆಲಮಹಡಿಗೆ ಧಾರೆ, ಮೊದಲನೆಯದಕ್ಕೆ ದಾರ, ಎರಡನೆಯದಕ್ಕೆ ಹನಿ, ಮೂರನೆಯದಕ್ಕೆ ನಲ್ಲಿಯ ನಿಟ್ಟುಸಿರು ಮಾತ್ರ.

ಆ ಮೂರನೇ ಮಹಡಿಯಲ್ಲಿ ಮೇಷ್ಟ್ರು ಮತ್ತು ಅಜ್ಜಿ ಇದ್ದರು. ಮೇಷ್ಟ್ರಿಗೆ ಲಕ್ವ ಹೊಡೆದು ಎರಡು ವರ್ಷ. ಮಾತೆಲ್ಲ ಹೋಗಿ ಅಂಕಿಗಳು ಮಾತ್ರ ಉಳಿದಿದ್ದವು. ಅಜ್ಜಿ ಗಂಜಿ ಕುಡಿಸಿದರೆ "ಐವತ್ತೆರಡು" ಅನ್ನುತ್ತಿದ್ದರು. ಮಾತ್ರೆ ನುಂಗಿಸಿದರೆ "ಹನ್ನೊಂದು". ಎಲ್ಲವೂ ನೂರಕ್ಕೆ ಕೊಟ್ಟ ಮಾರ್ಕು. ಮಾತು ಸುಧಾರಿಸಿದೆಯೋ ನೋಡೋಣ ಎಂದು ಡಾಕ್ಟರು ಹೇಳಿದ್ದರಿಂದ ಅಜ್ಜಿ ಅದನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ದಿನದಿನವೂ ಬರೆದಿಡುತ್ತಿದ್ದರು. ಹೃದಯ ಸೋತಿದೆ, ಇನ್ನು ವಾರಗಳ ಲೆಕ್ಕ ಎಂದೂ ಡಾಕ್ಟರು ಹೇಳಿದ್ದರು, ಅದನ್ನು ಅಜ್ಜಿ ಬರೆದುಕೊಂಡಿರಲಿಲ್ಲ. ಮಂಡಿನೋವಿನ ಆ ಮುದುಕಿ ಕೆಳಗಿನಿಂದ ದಿನಕ್ಕೆ ಅರ್ಧ ಕೊಡ ನೀರು ಹೊತ್ತು, ಬಟ್ಟೆ ಒದ್ದೆ ಮಾಡಿ ಅವರ ಮೈ ಒರೆಸುತ್ತಿದ್ದರು. ಅವರಿಗಿದ್ದ ಆಸೆ ಒಂದೇ. ನಲ್ಲಿ ಪೂರ್ತಿ ಬಿಟ್ಟುಕೊಂಡು ಮೇಷ್ಟ್ರಿಗೆ ಒಂದು ಸಲ ತಲೆಗೆ ಸ್ನಾನ ಮಾಡಿಸಬೇಕು.

ಇಂಥ ಕಟ್ಟಡದ ಮೆಟ್ಟಿಲ ಮೇಲೆ ನಿಂತು, ಒಂದು ಭಾನುವಾರ ಬೆಳಿಗ್ಗೆ, ಭಾವ ಪಾರ್ಸೆಲ್ ಅಂಗಡಿಯವನಿಗೆ ಫೋನು ಮಾಡಿದರು.

"ಹಳೇ ಮೋಟಾರಿಂದ ಏನೂ ಆಗಲ್ಲ ಕಣ್ರೀ. ಟ್ಯಾಂಕಿಗೆ ಹೊಸದೇ ಹಾಕ್ತೀನಿ, ಎರಡು. ಪ್ಲಾಸ್ಟಿಕ್ ಅನ್ನೋದು ಒಂದು ಚೂರೂ ಇರಬಾರದು, ಎಲ್ಲ ಲೋಹ. ರಿಪೇರಿಯವರು ಯಾರೂ ಬೇಡ, ನನ್ನ ಕೈಯಾರೆ ಕೂರಿಸ್ತೀನಿ."

ನೆಲಮಹಡಿಯ ಬಾಗಿಲ ಹಿಂದೆ ಪೇಪರು ಓದುತ್ತಿದ್ದ ಅಧ್ಯಕ್ಷರು ಕನ್ನಡಕ ತೆಗೆದರು. ನಿವಾಸಿಗಳ ಸಂಘಕ್ಕೆ ಹದಿನಾಲ್ಕು ವರ್ಷದಿಂದ ಅಧ್ಯಕ್ಷರು, ಯಾಕೆಂದರೆ ಬೇರೆ ಯಾರೂ ಒಪ್ಪಿರಲಿಲ್ಲ. "ಏನಪ್ಪಾ ಅಂದ್ರೆ" ಎಂಬುದು ಅವರ ಬಾಯಿಯ ಹೊಸಿಲು, ಅದನ್ನು ದಾಟದೆ ಒಂದು ಮಾತೂ ಆಚೆ ಬರುವುದಿಲ್ಲ. ಅವರು ಅಂದೇ ಸಂಜೆ ತಾರಸಿಯಲ್ಲಿ, ನೀರಿನ ಟ್ಯಾಂಕಿನ ನೆರಳಲ್ಲೇ, ಸಭೆ ಕರೆದರು. ಕರೆಯಲು ಮನೆಗೇ ಬಂದರು. ಮೊದಲೆಲ್ಲ ಭಾವನನ್ನು "ಏನಯ್ಯಾ" ಅನ್ನುತ್ತಿದ್ದವರು ಅಂದು "ಸರ್" ಅಂದರು. ತಮ್ಮ ಟ್ಯಾಂಕು ಊರಿಗೇ ಗೊತ್ತಾಗಿದೆ ಎಂದು ಭಾವನಿಗೆ ಖುಷಿಯಾಗಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ನನಗೆ ಆ ಹೊತ್ತಿಗೇ ಎಲ್ಲ ಅರ್ಥವಾಗಿತ್ತು. ಇಂಥ ಮಜಾ ಮತ್ತೆ ಸಿಗದು ಎಂದು ನಾನೂ ಸುಮ್ಮನೆ ತಾರಸಿ ಹತ್ತಿದೆ.

ಅಧ್ಯಕ್ಷರು ಸಭೆಗೆ ಹೇಳಿದ್ದನ್ನು ನಾನು ಇವತ್ತಿಗೂ ಅವರ ದನಿಯಲ್ಲೇ ಹೇಳಬಲ್ಲೆ. "ಏನಪ್ಪಾ ಅಂದ್ರೆ, ನಮ್ಮಲ್ಲೇ ಒಬ್ಬ ತಜ್ಞರಿದ್ದರು, ಏನಪ್ಪಾ ಅಂದ್ರೆ, ನಮಗೇ ಗೊತ್ತಿರಲಿಲ್ಲ. ಸರ್, ನಿಮ್ಮ ಈ ಹೊಸ ಮೋಟಾರು ಎಷ್ಟು ಎತ್ತರ ಹತ್ತಿಸುತ್ತೆ?"

"ಈಗಿರೋದು ಒಂದೂ ಹತ್ತಲ್ಲ," ಎಂದರು ಭಾವ. "ಲೋಹದ ಗೇರು ಬೀಳಲಿ, ಮೂರು ಗ್ಯಾರಂಟಿ."

ಭಾವ ಹೇಳಿದ್ದು ಸೋಫಾದ ದಿಂಬು. ಜನ ಕೇಳಿಸಿಕೊಂಡಿದ್ದು ಮಹಡಿ. ಕಷ್ಟಪಟ್ಟು ಮೇಲೆ ಬಂದು ಮೂಲೆಯಲ್ಲಿ ಕೂತಿದ್ದ ಅಜ್ಜಿ ಎರಡೂ ಕೈಯಿಂದ ಕಣ್ಣೊರೆಸಿಕೊಂಡರು. ಎರಡನೇ ಮಹಡಿಯವರೊಬ್ಬರು, ಗಲಾಟೆ ಜಾಸ್ತಿಯಾಗುತ್ತದೋ ಎಂದು ವಿಚಾರಿಸಿದರು. ಸದ್ದು ಬಂದೇ ಬರುತ್ತದೆ, ಗುಂಡು ಹಾರಿದ ಹಾಗೆ, ಆಮೇಲೆ ಹೊಗೆಯೂ ಬರುತ್ತದೆ, ಎರಡೂ ಬರದಿದ್ದರೆ ಅದನ್ನು ಟ್ಯಾಂಕು ಅಂತ ಕರೆಯುವುದೇ ತಪ್ಪು ಎಂದರು ಭಾವ. ಹೊಸ ಕಾಲದ ಮೋಟಾರು, ಹಾಗೇ ಇರಬೇಕು ಎಂದು ಎಲ್ಲರೂ ತಲೆಯಾಡಿಸಿದರು.

ಅಧ್ಯಕ್ಷರು ಅಲ್ಲಿಂದಲೇ ಪಂಪು ರಿಪೇರಿಯವನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರು ಹಾಕಿದರು. ಶುಕ್ರವಾರದ ಮೋಟಾರು ಬೇಡ, ನಮ್ಮ ಸರ್ರೇ ಹಾಕುತ್ತಾರೆ ಎಂದರು.

"ಆಯ್ತು ಬಿಡಿ," ಎಂದ ಅವನು. "ರೋಗಿ ನಿಮ್ಮದು. ಹೆಣಾನೂ ನಿಮ್ಮದೇ."

ಭಾವನಿಗೆ ಆಗ ಹೊಳೆಯಿತು. ಅವರ ಮುಖ ನೋಡಿದೆ. ಪ್ಲಾಸ್ಟಿಕ್ ಗೇರಿನ ಹಾಗೆ ತುಟಿ ಎರಡು ಸಲ ಜಾರಿತು. ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಹುಟ್ಟಿದಂದಿನಿಂದ ಅವರಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಅಜ್ಜಿ ಗೋಡೆ ಹಿಡಿದು ಹತ್ತಿರ ಬಂದು, ಯಾವತ್ತು ಆಗುತ್ತಪ್ಪಾ ಎಂದು ಕೇಳಿದರು.

"ಪಾರ್ಸೆಲ್ ಬುಧವಾರ ಬರುತ್ತೆ ಅಜ್ಜಿ," ಎಂದರು ಭಾವ. ಅದು ಸುಳ್ಳಲ್ಲ.

ಮನೆಗೆ ಬಂದ ಮೇಲೆ ಅಕ್ಕ ಅವರ ಬೆವರಿಳಿಸಿದಳು. ನೀರು ಏರಿಸುತ್ತೇನೆ ಎಂದು ಹೋದವರ ನೀರಿಳಿಸುವುದು ಅವಳಿಗೆ ಎರಡು ನಿಮಿಷದ ಕೆಲಸ. ನಾಳೆಯೇ ಮೇಲೆ ಹೋಗಿ ಆ ಮುದುಕಿಗೆ ನಿಜ ಹೇಳಿ ಬರಬೇಕು, ಇಲ್ಲವಾದರೆ ಆ ಟ್ಯಾಂಕನ್ನೂ ನಿಮ್ಮನ್ನೂ ಒಟ್ಟಿಗೆ ಸಂಪಿಗೆ ಹಾಕುತ್ತೇನೆ ಎಂದಳು. ಬಾಯಲ್ಲಿ ಹೇಳುವುದು ಕಷ್ಟ, ತೋರಿಸಿಯೇ ಹೇಳುತ್ತೇನೆ ಎಂದು ಭಾವ ಸೋಮವಾರ ಸಂಜೆ ಟ್ಯಾಂಕನ್ನು ಮಗುವಿನ ಹಾಗೆ ಎತ್ತಿಕೊಂಡು ಮೂರನೇ ಮಹಡಿ ಹತ್ತಿದರು. ನಾನು ರಿಮೋಟು ಹಿಡಿದು ಹಿಂದೆ.

ಒಂದೇ ಕೋಣೆಯ ಮನೆ. ಮಂಚದ ಕೆಳಗೆ ಕೊಡ, ಕೊಡದ ಮೇಲೆ ಒಣಗಿದ ಬಟ್ಟೆ. ತೆರೆದಿಟ್ಟ ನಲ್ಲಿಯ ಕೆಳಗೆ ಬಕೆಟ್ಟು, ಬಂದರೆ ಬರಲಿ ಎಂದು. ಭಾವ ಮಾತು ಹುಡುಕುತ್ತ ಟ್ಯಾಂಕನ್ನು ಮಂಚದ ಮೇಲಿಟ್ಟು ಕಡ್ಡಿ ತಳ್ಳಿದರು. ಅದು ಹೊದಿಕೆಯ ಮೇಲೆ ಹೊರಟು, ಮೇಷ್ಟ್ರ ಮಡಚಿದ ಮಂಡಿಯವರೆಗೆ ಹೋಗಿ, ಟಕಟಕ ಅಂದು ನಿಂತು ನಡುಗಿತು. ಮೇಷ್ಟ್ರ ಅರ್ಧ ಮುಖ ನಕ್ಕಿತು. ಇನ್ನರ್ಧಕ್ಕೆ ಆಗುತ್ತಿರಲಿಲ್ಲ.

"ಇಪ್ಪತ್ತು," ಎಂದರು ಮೇಷ್ಟ್ರು.

ಅಜ್ಜಿ ಬಾಗಿಲಿಗೆ ಒರಗಿ ನಿಂತರು. ಎರಡು ವರ್ಷದಲ್ಲಿ ಅವರು ಕಂಡ ಮೊದಲ ನಗು ಅದು. ಟ್ಯಾಂಕನ್ನೇ ಒಂದು ಗಳಿಗೆ ನೋಡಿ, ಭಾವನ ಕಡೆ ತಿರುಗಿದರು.

"ಇದು ಸ್ಯಾಂಪಲ್ಲಾ ಮಗು?"

ಇಡೀ ಕಥೆ ಈ ಒಂದು ಪ್ರಶ್ನೆಯ ಮೇಲೆ ನಿಂತಿತ್ತು. ಉತ್ತರಕ್ಕೆ ಬೇಕಾದದ್ದು "ಅಲ್ಲ" ಎಂಬ ಎರಡು ಅಕ್ಷರ.

"ಹೂಂ," ಎಂದರು ಭಾವ.

ಬರುವಾಗ ಮೇಷ್ಟ್ರ ಕಿವಿಯ ಹತ್ತಿರ ಬಗ್ಗಿ, ಲೋಹದ ಗೇರು ಹಾಕಿಸಿ ತರುತ್ತೇನೆ, ಮಂಡಿ ದಾಟಿಸಿಯೇ ತೀರುತ್ತೇನೆ ಎಂದು ಮಾತು ಕೊಟ್ಟು ಬೇರೆ ಬಂದರು.

ಬುಧವಾರ ಪಾರ್ಸೆಲ್ ಬಂತು. ಸಂಜೆ ಐದಕ್ಕೆ ಉದ್ಘಾಟನೆ ಎಂದು ಅಧ್ಯಕ್ಷರು ಗೋಡೆಗೆ ಚೀಟಿ ಅಂಟಿಸಿದ್ದರು. ಹನ್ನೆರಡೂ ಮನೆಯ ನಲ್ಲಿ ತೆರೆದು, ಕೆಳಗೆ ಬಕೆಟ್ಟಿಟ್ಟು, ಜನ ಪಂಪಿನ ಕೋಣೆಯ ಮುಂದೆ ಸೇರಿದರು. ಭಾವ ಪಾರ್ಸೆಲ್ಲನ್ನು ಎದೆಗೆ ಒತ್ತಿಕೊಂಡು ಒಳಗೆ ಹೋದರು. ಕಿಟಕಿಯಿಲ್ಲದ ಕೋಣೆ, ಓಡಿಹೋಗಲು ಹಿಂದಿನ ಬಾಗಿಲೂ ಇಲ್ಲ. ನೀರಿಗಿಳಿದ ಮೇಲೆ ಚಳಿಯೇನು ಅನ್ನುತ್ತಾರೆ, ನಮ್ಮ ಭಾವ ನೀರಿಲ್ಲದ ಕಡೆ ಇಳಿದು ನಡುಗುತ್ತಿದ್ದರು. ಏನಾದರೂ ಮಾಡಲೇಬೇಕಲ್ಲ ಎಂದು ಮುದಿ ಮೋಟಾರಿನ ಹಿಂದಿನ ಮುಚ್ಚಳ ಬಿಚ್ಚಿದರು. ಒಳಗೆ, ಮೋಟಾರನ್ನು ತಣ್ಣಗಿಡಲು ಇರುವ ಪುಟ್ಟ ಫ್ಯಾನು ಕಂಡಿತು. ಅದು ಪ್ಲಾಸ್ಟಿಕ್.

ಆರು ತಿಂಗಳ ಅಧ್ಯಯನ ಭಾವನ ಕಣ್ಣಲ್ಲಿ ಮಿಂಚಿತು. ರೋಗ ಸಿಕ್ಕಿತು ಕಣೋ ಎಂದು ನನ್ನ ಕಿವಿಯಲ್ಲಿ ಹೇಳಿದರು. ಫ್ಯಾನು ಕಿತ್ತು ಬಿಸಾಡಿ, ಪಾರ್ಸೆಲ್ಲಿನಿಂದ ಹಲ್ಲಿರುವ ಲೋಹದ ಚಕ್ರವೊಂದನ್ನು ತೆಗೆದು ಅದೇ ಜಾಗಕ್ಕೆ ಬಿಗಿದು, ಮುಚ್ಚಳ ಹಾಕಿ, ಸ್ವಿಚ್ಚು ಒತ್ತಿದರು.

ಮೊದಲು ಕರ್ರ್ ಎಂದು ಕಬ್ಬಿಣ ಹಲ್ಲು ಕಡಿಯಿತು. ಆಮೇಲೆ ಗುಂಡು ಹಾರಿದ ಹಾಗೆ ಒಂದು ಸದ್ದು. ಆಮೇಲೆ ಹೊಗೆ.

ಜನ ಚಪ್ಪಾಳೆ ತಟ್ಟಿದರು. ಹೇಳಿದ ಮಾತಿಗೆ ತಪ್ಪದ ಮನುಷ್ಯ, ಸದ್ದು ಎಂದಿದ್ದರು ಸದ್ದು ಬಂತು, ಹೊಗೆ ಎಂದಿದ್ದರು ಹೊಗೆ ಬಂತು. ಹೊಗೆ ಕಪ್ಪಗಾಗಿ, ಇಡೀ ಕಟ್ಟಡದ ದೀಪ ಆರಿ, ಭಾವ ಹುಬ್ಬು ಸುಟ್ಟುಕೊಂಡು ಈಚೆ ಬರುವವರೆಗೂ ಚಪ್ಪಾಳೆ ನಿಲ್ಲಲಿಲ್ಲ.

ಪಂಪು ರಿಪೇರಿಯವನು ಬಂದು, ಮುಚ್ಚಳ ತೆಗೆದು ನೋಡಿ, ಟೋಪಿ ತೆಗೆದ. ಇವರಿಗೆಂದು ಇಟ್ಟಿದ್ದ ಮೋಟಾರನ್ನು ಬೇರೆ ಕಟ್ಟಡಕ್ಕೆ ಕೊಟ್ಟಾಗಿದೆ, ಇನ್ನೊಂದು ಬರುವುದು ಮಂಗಳವಾರ ಎಂದ. ಅಧ್ಯಕ್ಷರು ಭಾವನನ್ನು ಮತ್ತೆ "ಏನಯ್ಯಾ" ಅಂದರು. ಭಾವ ತಾವು ಹೇಳಿದ್ದು ಯಾವ ಟ್ಯಾಂಕು ಎಂಬುದನ್ನು ಎಲ್ಲರೆದುರು ಒಪ್ಪಿಕೊಂಡರು. ಯಾರೂ ನಗಲಿಲ್ಲ. ಹಾಸ್ಯಕ್ಕೂ ಒಂದು ಗುಟುಕು ನೀರು ಬೇಕಾಗುತ್ತದೆ.

ಅಜ್ಜಿ ಮೆಟ್ಟಿಲು ಹತ್ತಿ ಹೋದರು.

ಮರುದಿನದಿಂದ ಎಲ್ಲರೂ ಸಂಪಿನಿಂದ ಹಗ್ಗ ಕಟ್ಟಿ ಸೇದಿಕೊಳ್ಳುವುದಾಯಿತು. ಮೂರನೇ ಮಹಡಿಗೆ ಭಾವ ಹೊರುವುದು ಎಂದು ಅಕ್ಕ ತೀರ್ಪು ಕೊಟ್ಟಳು. ಐವತ್ತನಾಲ್ಕು ಮೆಟ್ಟಿಲು. ಇಪ್ಪತ್ತೆರಡು ವರ್ಷ ಕುರ್ಚಿಯಲ್ಲಿ ಕೂತ ಮೋಟಾರು ಅದು, ಎರಡನೇ ಮಹಡಿಗೇ ಬಿಸಿಯಾಗಿ ನಿಲ್ಲುತ್ತಿತ್ತು. ತುಂಬಿದ ಬಕೆಟ್ಟು ಮೇಲೆ ಮುಟ್ಟುವಾಗ ಅರ್ಧ. "ಟ್ಯಾಂಕಿನ ಮೋಟಾರು ಬಂತು, ದಾರಿ ಬಿಡಿ," ಎಂದು ಎರಡನೇ ಮಹಡಿಯವರು ಹಾಸ್ಯ ಮಾಡಿದರೆ ಭಾವ ತಲೆಯೆತ್ತುತ್ತಿರಲಿಲ್ಲ. ಗುರುವಾರದ ಬಕೆಟ್ಟಿಗೆ ಮೇಷ್ಟ್ರು ಹದಿನೆಂಟು ಕೊಟ್ಟರು. ಶುಕ್ರವಾರ ಇಪ್ಪತ್ತೇಳು. ಶುಕ್ರವಾರ ಎಂದರೆ ಹೊಸ ಮೋಟಾರು ಬರಬೇಕಾಗಿದ್ದ ದಿನ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ನೆನಪಿತ್ತು.

ಶನಿವಾರ ಕಚೇರಿ ಅರ್ಧ ದಿನ. ಮಧ್ಯಾಹ್ನ ಭಾವ ಎರಡನೇ ಬಕೆಟ್ಟು ಇಳಿಸಿ ಉಸಿರು ಬಿಡುತ್ತಿದ್ದಾಗ ಅಜ್ಜಿ ಕೇಳಿದರು. ಇನ್ನೊಂದು ಆರು ತಂದುಕೊಟ್ಟರೆ ಇವತ್ತೇ ತಲೆಗೆ ಹಾಕಿಬಿಡುತ್ತೇನೆ, ಬೆಳಿಗ್ಗೆಯಿಂದ ಯಾಕೋ ಮೈ ಕೆರೆದುಕೊಳ್ಳುತ್ತಿದ್ದಾರೆ, ಎಂದರು. ಭಾವನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

"ನಾಳೆ ನೋಡೋಣ ಅಜ್ಜಿ," ಎಂದರು. "ನಾಳೆ ಹೇಗೂ ರಜಾ."

ಕೆಳಗೆ ಬಂದು ಮಲಗಿದ್ದರೆ ಒಂದು ಮಾತಾಗಿತ್ತು. ಮಲಗಲಿಲ್ಲ. ಮೇಷ್ಟ್ರಿಗೆ ಕೊಟ್ಟ ಮಾತು ಉಳಿದಿದೆ ಎಂದು ಟ್ಯಾಂಕನ್ನು ಬಿಚ್ಚಿ ಹರವಿಕೊಂಡು ಕೂತರು. ಸಂಜೆಯವರೆಗೆ ಆ ಬೊಬ್ಬೆ ಎದ್ದ ಕೈಯಲ್ಲೇ ಹಳೆಯ ಮೋಟಾರುಗಳ ಬೆಸುಗೆ ಬಿಡಿಸಿ ಹೊಸದು ಕೂರಿಸಿದರು. ಉಕ್ಕಿನ ಗೇರಿಗೆ ಗ್ರೀಸು ಮೆತ್ತಿದರು. ಒಂದೊಂದೇ ಚಕ್ರ ತಿರುಗಿಸಿ ಕಿವಿಗೊಟ್ಟು ಕೇಳಿದರು. ಚೈನಿನ ಕೊಂಡಿಗಳಿಗೆ ಪಿನ್ನು ಹೊಡೆದರು. ಪಂಪಿನೊಳಗೆ ಸುಟ್ಟ ಚಕ್ರವನ್ನೂ ತಿಕ್ಕಿ ಹಾಕಿದರು, ಅದೊಂದು ಕಪ್ಪಗೇ ಉಳಿಯಿತು. ಅವರ ಜೀವಮಾನದಲ್ಲಿ ಒಂದು ಕೆಲಸ ಅಷ್ಟು ಚೆನ್ನಾಗಿ ಆದದ್ದನ್ನು ನಾನು ನೋಡಿಲ್ಲ.

ಸಂಜೆ ಟ್ಯಾಂಕು ಮತ್ತೆ ಮಂಚ ಏರಿತು. ಮೊದಲಿನ ಎರಡರಷ್ಟು ಭಾರ, ಮೊದಲಿನ ಅರ್ಧದಷ್ಟೂ ಸದ್ದಿಲ್ಲ. ಹೊದಿಕೆಯ ಮೇಲೆ ನಿಧಾನಕ್ಕೆ ಬಂದು, ಮಂಡಿಯ ಬುಡದಲ್ಲಿ ಮೂತಿ ಎತ್ತಿ, ಹತ್ತಿ, ತುದಿಯಲ್ಲಿ ಒಂದು ಕ್ಷಣ ತೂಗಿ, ಆಚೆ ಇಳಿಯಿತು.

"ತೊಂಬತ್ತು," ಎಂದರು ಮೇಷ್ಟ್ರು. ಅವರ ಕೈಯಿಂದ ಯಾರೂ ತೊಂಬತ್ತು ತೆಗೆದದ್ದಿಲ್ಲ ಎಂದರು ಅಜ್ಜಿ.

ಭಾವ ಹಿಗ್ಗಿ ಹೋದರು. ಹಿಗ್ಗಿದವರು ಸುಮ್ಮನಿರಬಾರದೇ. ಇವತ್ತಿನ ಬಕೆಟ್ಟಿಗೆ ಎಷ್ಟು ಮೇಷ್ಟ್ರೇ ಎಂದು ಕೇಳಿದರು. ಮೇಷ್ಟ್ರು ನಲ್ಲಿಯ ಕಡೆ ನೋಡಿದರು, ಭಾವನ ಕಡೆ ನೋಡಿದರು. ಬಹಳ ಹೊತ್ತಾದ ಮೇಲೆ ತುಟಿ ಅಲುಗಿತು. ಬಗ್ಗಿ ಕೇಳಿಸಿಕೊಂಡದ್ದು ಅಜ್ಜಿ ಮಾತ್ರ. ನೋಟುಬುಕ್ಕಿನಲ್ಲಿ ಬರೆದುಕೊಂಡರು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಭಾವ ಅಂಗೈಗೆ ಬಟ್ಟೆ ಸುತ್ತಿಕೊಂಡು ಸಂಪಿನ ಬಾಯಲ್ಲಿ ನಿಂತಿದ್ದರು. ಮೊದಲ ಬಕೆಟ್ಟು ಸೇದಿ, ಮೆಟ್ಟಿಲಿಗೆ ಕಾಲಿಟ್ಟು, ಓಡುವ ಹಾಗೆ ಹತ್ತಿದರು. ಅಜ್ಜಿ ಮೂರನೇ ಮಹಡಿಯ ಕಟಕಟೆ ಹಿಡಿದು ಕೆಳಗೆ ನೋಡುತ್ತಿದ್ದರು.

"ಈಗ ಅವಸರ ಇಲ್ಲಪ್ಪಾ," ಎಂದರು. "ನಿಧಾನಕ್ಕೆ ತಗೊಂಡು ಬಾ."

ನೀರಿಗಿಂತ ಮೊದಲು ಮೇಷ್ಟ್ರೇ ಮೇಲಕ್ಕೆ ಹೋಗಿದ್ದರು.

ಭಾವ ಅಂದು ಹನ್ನೊಂದು ಬಕೆಟ್ಟು ಹೊತ್ತರು. ಒಂದು ಹನಿ ಚೆಲ್ಲಲಿಲ್ಲ. ಅಜ್ಜಿ ತಲೆಯಿಂದ ಕಾಲಿನವರೆಗೆ ಧಾರೆಯಾಗಿ ಸುರಿದು ಸ್ನಾನ ಮಾಡಿಸಿದರು. ಅಂಕ ಕೊಡಲು ಯಾರೂ ಇರಲಿಲ್ಲ. ಮುದುಕರ ಮೈಮೇಲೆ ಟ್ಯಾಂಕು ಹತ್ತಿಸಿದ್ದಕ್ಕೇ ಹೀಗಾಯಿತು ಎಂದು ಅಧ್ಯಕ್ಷರು ಕೆಳಗೆ ಯಾರಿಗೋ ಹೇಳುತ್ತಿದ್ದರು. ಅಧ್ಯಕ್ಷರ ದನಿಯಲ್ಲಿ ಮಾತಾಡಿ ತೋರಿಸು ಎಂದು ಎರಡನೇ ಮಹಡಿಯವರು ನನಗೆ ಹೇಳಿದರು. ಅಂದು ನನಗೆ ಆ ದನಿ ಬರಲಿಲ್ಲ.

ಮಂಗಳವಾರ ಬೆಳಿಗ್ಗೆ ಪಂಪು ರಿಪೇರಿಯವನು ಹೊಸ ಮೋಟಾರು ಕೂರಿಸಿದ. ಅದೇ ಹೊತ್ತಿಗೆ ನಾನು ಅಜ್ಜಿಯನ್ನು ಕರೆದುಕೊಂಡು ಭಾವನ ಕಚೇರಿಯ ಬಲಗಡೆ ಕಿಟಕಿಯ ಸಾಲಿನಲ್ಲಿ ನಿಂತಿದ್ದೆ. "ಮುಂದಿನವರು," ಎಂದು ಭಾವ ತಲೆಯೆತ್ತದೆ ಕರೆದರು. ತಲೆಯೆತ್ತಿದವರು ಎದ್ದು ನಿಂತುಬಿಟ್ಟರು. ಡಾಕ್ಟರ ಚೀಟಿ ಇದರಲ್ಲಿದೆ ಎಂದು ಅಜ್ಜಿ ಆ ನೋಟುಬುಕ್ಕನ್ನೇ ಕಿಟಕಿಯೊಳಗೆ ತಳ್ಳಿದರು. ಚೀಟಿ ಕೊನೆಯ ಪುಟದಲ್ಲಿತ್ತು. ಪುಟದ ಮೇಲೆ ಶನಿವಾರದ ಬರಹ, ಎರಡು ಸಾಲು.

ಟ್ಯಾಂಕು: ತೊಂಬತ್ತು.

ಬಕೆಟ್ಟು: ಮೂವತ್ನಾಲ್ಕು.

ಮೂವತ್ತೈದಕ್ಕೆ ಪಾಸು ಎಂದು ಗೊತ್ತಿಲ್ಲದವರು ಯಾರಿದ್ದಾರೆ. ಒಂದು ವಿಷಯದಲ್ಲಿ ತೊಂಬತ್ತು ಬಂದರೂ ಇನ್ನೊಂದರಲ್ಲಿ ಮೂವತ್ನಾಲ್ಕಾದರೆ ಅದು ಫೇಲೇ. ಭಾವ ಆ ಸಾಲನ್ನು ಬಹಳ ಹೊತ್ತು ನೋಡಿದರು. ಹಿಂದೆ ಸಾಲು ಗೊಣಗತೊಡಗಿತು.

"ಅಜ್ಜಿ," ಎಂದರು ಕೊನೆಗೆ, ಬೆರಳನ್ನು ಆ ಅಂಕಿಯ ಕೆಳಗಿಟ್ಟು. "ಒಂದೇ ಒಂದು ಮಾರ್ಕು."

"ಮೂವತ್ತೇಳು ವರ್ಷ ಪಾಠ ಹೇಳಿದ್ರಪ್ಪಾ. ಒಬ್ಬರಿಗೂ ಗ್ರೇಸು ಕೊಟ್ಟೋರಲ್ಲ," ಎಂದರು ಅಜ್ಜಿ. "ಸಹಿ ಎಲ್ಲಿ ಹಾಕ್ಲಿ?"

ಭಾವ ತೋರಿಸಿದರು. ಅರ್ಜಿಯನ್ನು ತಾವೇ ತುಂಬಿದರು, ಒಂದು ಅಕ್ಷರ ತಿದ್ದದೆ.

ನಾವು ಕಟ್ಟಡಕ್ಕೆ ವಾಪಸು ಬಂದಾಗ ಮೆಟ್ಟಿಲೆಲ್ಲ ಒದ್ದೆ. ಬಂದರೆ ಬರಲಿ ಎಂದು ತೆರೆದೇ ಇಟ್ಟಿದ್ದ ಅಜ್ಜಿಯ ನಲ್ಲಿಯಿಂದ ನೀರು ಬಕೆಟ್ಟು ತುಂಬಿ, ಕೋಣೆ ತುಂಬಿ, ಹೊಸಿಲು ದಾಟಿ, ಐವತ್ತನಾಲ್ಕು ಮೆಟ್ಟಿಲೂ ಇಳಿದು ಬಂದಿತ್ತು. ಅಜ್ಜಿ ಚಪ್ಪಲಿ ಕೈಯಲ್ಲಿ ಹಿಡಿದು, ಗೋಡೆ ಹಿಡಿದು, ಅದರ ಎದುರಿಗೆ ಹತ್ತಿಕೊಂಡು ಹೋದರು.

ಈಗ ಮೂರನೇ ಮಹಡಿಯ ನಲ್ಲಿ ತಿರುಗಿಸಿದರೆ ಸಾಕು, ನೀರು ಮುಖಕ್ಕೆ ಹಾರುತ್ತದೆ. ಆದರೂ ಭಾವ ಪ್ರತಿ ದಿನ ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು ಸಂಪಿನಿಂದ ಒಂದು ಬಕೆಟ್ಟು ಸೇದಿ, ಮೇಲೆ ಹೊತ್ತು, ಬಾಗಿಲಲ್ಲಿಡುತ್ತಾರೆ. ಕಂಠಮಟ್ಟ ತುಂಬಿದ್ದು ಕಂಠಮಟ್ಟವೇ ಮುಟ್ಟುತ್ತದೆ. ಟ್ಯಾಂಕು ಅಜ್ಜಿಯ ಕಿಟಕಿಯಲ್ಲಿದೆ, ಕಪ್ಪು ಚಕ್ರ ಈಚೆಗೆ ಕಾಣುವ ಹಾಗೆ. ಅಜ್ಜಿ ಬಂದು, ಬಕೆಟ್ಟಿನೊಳಗೆ ಬಗ್ಗಿ ನೋಡಿ, ಒಳಗೆ ಎಳೆದುಕೊಳ್ಳುತ್ತಾರೆ. ಭಾವ ಅಲ್ಲೇ ನಿಲ್ಲುತ್ತಾರೆ.

"ಇವತ್ತು ಎಷ್ಟು ಅಜ್ಜಿ?"

"ನಾಳೆ ನೋಡೋಣಪ್ಪಾ," ಎಂದು ಅಜ್ಜಿ ಬಾಗಿಲು ಹಾಕಿಕೊಳ್ಳುತ್ತಾರೆ.